ಕರವಸ್ತ್ರದ ಕೆಳಗಿನ ಕೈ

ಇಬ್ರಾಹಿಮಿಯ್ಯಾ, ಅಲೆಕ್ಸಾಂಡ್ರಿಯಾ
ಮಾರ್ಚ್ ೭, ೧೯೯೮

ಪ್ರೀತಿಯ ಶೌಕತಣ್ಣ,

ನಿನ್ನ ಬೆನ್ನು ಹೇಗಿದೆ? ಕುವೈತಿನ ಆ ಏರ್ ಕಂಡೀಷನರಿನ ನೇರಕ್ಕೆ ಮಲಗಬೇಡ ಎಂದು ಬರೆಯಲು ಸನಿಯ್ಯಾ ಅತ್ತಿಗೆ ಅಡುಗೆಮನೆಯಿಂದಲೇ ಕೂಗುತ್ತಿದ್ದಾರೆ. ಬರೆದಾಯಿತು. ನಾನು ಚೆನ್ನಾಗಿದ್ದೇನೆ. ಈ ಸಾಲನ್ನು ಹಿಂದೆಯೂ ಎಲ್ಲ ಕಾಗದಗಳಲ್ಲಿ ಬರೆಯುತ್ತಿದ್ದೆ. ಈ ಸಲ ಬರೆದ ಮೇಲೆ ಇನ್ನೊಮ್ಮೆ ಓದಿ ನೋಡಿದೆ, ಅಳಿಸಬೇಕು ಅನಿಸಲಿಲ್ಲ.

ನಿನ್ನ ಮಗಳ ನಿಕಾಹ್ ನಿನ್ನೆ ಶುಕ್ರವಾರ ಸುಸೂತ್ರವಾಗಿ ಮುಗಿಯಿತು. ರಜೆ ಸಿಗದ ನಿನ್ನ ಜಾಗದಲ್ಲಿ ಕೂತು, ಬಿಳಿ ಕರವಸ್ತ್ರದ ಕೆಳಗೆ ವರನ ಕೈ ಹಿಡಿದು ನಿಹಾಲಳನ್ನು ಒಪ್ಪಿಸುವ ಕೆಲಸವನ್ನು ನೀನು ನಿಶ್ಚಿತಾರ್ಥದ ಹೊತ್ತಿಗೇ ಅತ್ತಿಗೆಯ ತಮ್ಮ ಹಮ್ದಿಗೆ ವಹಿಸಿದ್ದೆ. "ಬಹ್ಗತನ ಕೈ ನಡುಗುತ್ತೆ ಕಣೇ, ಬೀಗರ ಮುಂದೆ ಮಾನ ಹೋಗುತ್ತೆ" ಎಂದು ಫೋನಿನಲ್ಲಿ ಅತ್ತಿಗೆಗೆ ಹೇಳಿದೆಯಲ್ಲ, ಆಗ ನಾನು ಪಕ್ಕದಲ್ಲೇ ಇದ್ದೆ. ತಪ್ಪೇನೂ ಹೇಳಲಿಲ್ಲ ನೀನು. ಆ ದಿನಗಳಲ್ಲಿ ಅಂಗಡಿಯಲ್ಲಿ ನಾನು ಮೂಗಿನ ಮೇಲೆ ಕನ್ನಡಕ ಕೂರಿಸಲು ಹೋದರೆ ಗಿರಾಕಿಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೂ ಆ ಮಾತು ನನ್ನ ಜೊತೆಗೇ ಓಡಾಡುತ್ತಿತ್ತು. ಟ್ರಾಮ್ ಹತ್ತಿದರೆ ಅದೂ ಹತ್ತುತ್ತಿತ್ತು.

ಡಾಕ್ಟರೊಬ್ಬರು ಒಂದು ನಂಬರು ಕೊಟ್ಟರು. ಆ ಕಡೆಯ ಧ್ವನಿ ಹೇಳಿತು: "ಚರ್ಚಿನ ಹಿಂದಿನ ಹಾಲ್. ಬೋರ್ಡು ಗೀರ್ಡು ಇರಲ್ಲ. ಬಂದು ಕೂತ್ಕೊ, ಯಾರೂ ಏನೂ ಕೇಳಲ್ಲ." ಹೋದೆ. ಗೋಡೆಯುದ್ದಕ್ಕೂ ಕುರ್ಚಿಗಳು, ತಂತಮ್ಮ ಬೂಟುಗಳನ್ನೇ ನೋಡುತ್ತ ಕೂತ ಗಂಡಸರು, ಒಬ್ಬನ ಮುಖದಲ್ಲೂ ನಗುವಿಲ್ಲ. ಇವರೇ ನನ್ನವರು ಅಂದುಕೊಂಡೆ. ಬಾಗಿಲಲ್ಲಿ ಸಾಲಾಗಿ ನಿಂತವರು ನನ್ನ ಕೈಕುಲುಕಿದಾಗ ಎಷ್ಟು ಮರ್ಯಾದೆಯ ಜನ ಅನಿಸಿತು. ಸಕ್ಕರೆಯಿಲ್ಲದ ಕಾಫಿ ತಂದಿಟ್ಟಾಗಲಾದರೂ ನನಗೆ ಹೊಳೆಯಬೇಕಿತ್ತು. ಇದೂ ಚಿಕಿತ್ಸೆಯ ಭಾಗವಿರಬೇಕು ಎಂದು ಕುಡಿದೆ. ಪಕ್ಕದ ದಪ್ಪ ಮನುಷ್ಯ ವಾಲಿ, "ತಮ್ಮ ಹೆಸರು ಗೊತ್ತಾಗಲಿಲ್ಲ" ಎಂದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಬಹ್ಗತ್. ನಾನು ಕುಡುಕ."

ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಕೂತಿದ್ದವರೆಲ್ಲ ನನ್ನತ್ತ ತಿರುಗಿದರು. ಆತ ನನ್ನನ್ನೇ ನೋಡಿ ಮೆಲ್ಲಗೆ, "ಇರಲಿ ಬಿಡಪ್ಪಾ. ಆದ್ರೆ ನಮ್ಮಪ್ಪ ಹಾಲಿಗೂ ನೀರು ಬೆರೆಸಿ ಕುಡೀತಿದ್ದೋನು, ಅವನಿಗೆಲ್ಲಿ ಸಿಕ್ಕೆ ನೀನು?" ಎಂದ. ಮೂಲೆಯಲ್ಲಿ ಕಪ್ಪು ಪಟ್ಟಿ ಕಟ್ಟಿದ ಮುದುಕನ ಫೋಟೋ ನನಗೆ ಕಂಡದ್ದು ಆಗ. ಅಣ್ಣಾ, ನಾನು ಯಾರದೋ ಸಾವಿಗೆ ಸಂತಾಪ ಹೇಳಿ, ಸಾವಿನವರು ಕೊಡುವ ಸಪ್ಪೆ ಕಾಫಿಯನ್ನೂ ಕುಡಿದು ಕೂತಿದ್ದೆ. ಎದ್ದು ಓಡುವವನಿದ್ದೆ; ಓಡಿದ್ದರೆ ನೇರ ಎಲ್ಲಿಗೆ ಹೋಗುತ್ತಿದ್ದೆ ಎಂಬುದೂ ಗೊತ್ತಿತ್ತು. ವಾಸಿಫ್ (ಆತನ ಹೆಸರು) ನನ್ನ ಮೊಣಕೈ ಹಿಡಿದ. "ನೀನು ಮೇಲಿನೋನು, ಕುಡಿತ ಬಿಡೋರ ಸಭೆ ಮಹಡೀಲಿ. ಕಾಫಿ ಪೂರ್ತಿ ಕುಡಿ, ನಮ್ಮಪ್ಪಂಗೆ ಬೇಜಾರಾಗುತ್ತೆ" ಎಂದು, ತನ್ನ ತಂದೆಯ ಸಂತಾಪದ ಸಾಲು ಬಿಟ್ಟು, ಮಹಡಿಯ ಮೆಟ್ಟಿಲು ಹತ್ತಿಸಿ, ಬಾಗಿಲು ತಟ್ಟಿ, ಅದು ತೆರೆಯುವವರೆಗೂ ಕೈ ಬಿಡಲಿಲ್ಲ. ಆತ ಇಳಿದು ಹೋಗುವಾಗ ಅವನ ಭುಜಗಳು ಕುಣಿಯುತ್ತಿದ್ದವು. ಅತ್ತನೋ ನಕ್ಕನೋ ನನಗೆ ಇವತ್ತಿಗೂ ತಿಳಿಯದು.

ಮೇಲೆಯೂ ಅದೇ ಕುರ್ಚಿಗಳು. ಟ್ರಾಮ್ ಕಂಡಕ್ಟರಾಗಿದ್ದ ಲಬೀಬ್ ಬಾಗಿಲು ತೆರೆದು, "ಹೆದರಬೇಡ ದೊರೆ, ಇಲ್ಲಿ ಯಾರೂ ಇನ್ನೂ ಸತ್ತಿಲ್ಲ" ಎಂದು ಸಕ್ಕರೆ ತುಂಬಿದ ಚಹಾ ಕೊಟ್ಟ. ಅವರ ಮಾತು ನಿನಗೆ ಬರೆಯುವುದಿಲ್ಲ, ಅದು ಅಲ್ಲಿಯ ಸೊತ್ತು. ಕೆಲವು ವಾರಗಳ ಮೇಲೆ ಚಹಾ ಹಂಚುವ ಕೆಲಸ ನನಗೆ ಬಂತು. ಲೋಟಗಳಿಗೆ ಅರ್ಧವೇ ಸುರಿಯುತ್ತಿದ್ದೆ. ಆದರೂ ತಟ್ಟೆಯಲ್ಲಿ ಕೆರೆ. "ಲೋಟ ಯಾಕೆ ಬಹ್ಗತ್, ತಟ್ಟೆಗೇ ಬಾಯಿ ಹಾಕ್ತೀವಿ" ಎನ್ನುತ್ತಿದ್ದ ಲಬೀಬ್. ಬೇಸಿಗೆಗೆ ಮುಕ್ಕಾಲು ಸುರಿದೆ. ಮೊನ್ನೆ ನಾನು ಕುಡಿತ ಬಿಟ್ಟು ವರ್ಷ ತುಂಬಿದ ದಿನ ಮನೆಯವರೂ ಬರಬಹುದಿತ್ತು. ನಿಹಾಲಳನ್ನು ಕರೆದೆ. ಬಂದವಳು ಹಿಂದಿನ ಸಾಲಿನಲ್ಲಿ ಕೂತಳು. ಅವತ್ತು ಲೋಟಗಳನ್ನು ಅಂಚಿನ ತನಕ ತುಂಬಿಸಿ, ಕೋಣೆಯ ಆ ತುದಿಯಿಂದ ಈ ತುದಿಗೆ ತಟ್ಟೆ ಹಿಡಿದು ನಡೆದೆ. ಅವಳು ನನ್ನ ಮುಖ ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಆ ಒಣ ತಟ್ಟೆಯ ಮೇಲೆ ಬೆರಳಾಡಿಸಿ, "ಚಿಕ್ಕಪ್ಪಾ, ನನಗೆ ಇನ್ನೊಂದು ಲೋಟ" ಎಂದಳು.

ಅತ್ತಿಗೆ ಫೋಟೋಗಳನ್ನು ಬೇರೆ ಕಳಿಸುತ್ತಾರೆ. ನಿಹಾಲ್ ನಮ್ಮ ಅಮ್ಮನ ಹಾಗೆಯೇ ಕಾಣುತ್ತಾಳೆ, ಗದ್ದ ಮಾತ್ರ ನಿನ್ನದು. ದೇವರು ನಿನ್ನನ್ನು ನೆಟ್ಟಗೆ ನಡೆಯುವಂತೆ ಇಟ್ಟು, ಈ ಬೇಸಿಗೆಯಲ್ಲಾದರೂ ನಮ್ಮ ಊಟದ ಮೇಜಿಗೆ ತಂದು ಕೂರಿಸಲಿ.

ನಿನ್ನ ತಮ್ಮ,
ಬಹ್ಗತ್

ಮರೆತೆ: ಫೋಟೋದಲ್ಲಿ ಕರವಸ್ತ್ರದ ಕೆಳಗೆ ಹೋಗಿರುವ ಬೂದು ಕೋಟಿನ ತೋಳು ಹಮ್ದಿಯದಲ್ಲ. ನಿಕಾಹ್ ಬರೆಯುವವರು ಹೆಣ್ಣಿನ ಪರವಾಗಿ ಯಾರು ಎಂದು ಕೇಳಿದಾಗ ಹಮ್ದಿ ಕೋಟು ಸರಿಮಾಡಿಕೊಂಡು ಎದ್ದ. ನಿಹಾಲ್ ಒಳಗಿನಿಂದಲೇ, "ಹಮ್ದಿ ಮಾಮಾ, ನೀನು ಶರಬತ್ತು ಹಂಚು. ಕೈ ಹಿಡಿಯೋಕೆ ನನ್ನ ಚಿಕ್ಕಪ್ಪ ಇದ್ದಾನೆ" ಎಂದಳು. ಬೀಗರೆಲ್ಲ ನೋಡಿದರು, ಅಣ್ಣಾ. ಕರವಸ್ತ್ರ ಅಲುಗಿದ್ದು ನಿಜ. ನಡುಗುತ್ತಿದ್ದುದು ಹುಡುಗನ ಕೈ. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.