ಹಣಮಿಗೆ ಎತ್ತಿದ ಆರತಿ

ರಾಯಚೂರು
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಅನ್ನಪೂರ್ಣಕ್ಕನಿಗೆ,

ತಂಗಿ ಸವಿತಾಳ ನಮಸ್ಕಾರ. ಮಾನ್ವಿಯಲ್ಲಿ ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ಹದಿನೈದು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ "ಆರಾಮ ಅದೀವಿ" ಎಂದು ಸುಳ್ಳು ಹೇಳಿದೆ, ಸಿಟ್ಟಾಗಬೇಡ. ನಿನ್ನ ದನಿ ಕೇಳಿದರೆ ಅಳು ಬರುತ್ತಿತ್ತು, ಅದಕ್ಕೇ ಈ ಕಾಗದ. ನಾವೀಗ ದೇವದುರ್ಗದಲ್ಲಿಲ್ಲ, ಇಲ್ಲಿ ದವಾಖಾನೆಯಲ್ಲಿದ್ದೇವೆ. ಗಾಬರಿಯಾಗಬೇಡ, ನನ್ನ ಮಗಳು ಹಣಮಿ ಉಳಿದಳು.

ಅಕ್ಕಾ, ಅವಳು ಮೈನೆರೆದೇ ಇರಲಿಲ್ಲ! ಬಟ್ಟೆಯ ಮೇಲಿನ ಕೆಂಪು ಮೂತ್ರದ್ದು. ಅದನ್ನು ನೋಡಿ ನಾವು ಅವಳನ್ನು ಮೂಲೆಯಲ್ಲಿ ಕೂರಿಸಿದೆವು, ಕೊಬ್ಬರಿ ಬೆಲ್ಲ ತಿನ್ನಿಸಿದೆವು, ಆರತಿಗೆಂದು ನೀನು ಹಸಿರು ಸೀರೆ ತಂದೆ. ಮುಖ ಊದಿದ್ದನ್ನು ನಮ್ಮತ್ತೆ ಗದ್ದೆಮ್ಮ, "ನೋಡ್ರಿ, ನನ್ನ ಮೊಮ್ಮಗಳು ಹೆಂಗ ಮೈ ತುಂಬ್ಯಾಳ" ಎಂದು ಬಂದವರಿಗೆಲ್ಲ ತೋರಿಸಿ ದೃಷ್ಟಿ ತೆಗೆದರು. ಐದನೇ ದಿನ ಆರತಿಯಾಯಿತು. ಮರುದಿನ ಮೂತ್ರವೇ ನಿಂತು ಏದುಸಿರು ಹತ್ತಿತು, ಇಲ್ಲಿಗೆ ಹೊತ್ತು ತಂದೆವು.

ಡಾಕ್ಟರ್ ವಾಹಿದಾ ಮೊದಲು ಕೇಳಿದ್ದೇ, "ಹಿಂದ ಗಂಟಲು ನೋವು, ಜ್ವರ ಬಂದಿತ್ತೇನ್ರೀ?" ಬಂದಿತ್ತು, ಮೂರು ವಾರದ ಹಿಂದೆ. ಅರಿಶಿನದ ಹಾಲು ಕುಡಿಸಿ ಮರೆತಿದ್ದೆ. ಆ ರೋಗಾಣುವಿನ ಜೊತೆ ಗುದ್ದಾಡಿದ ಮೈಯೇ ಆಮೇಲೆ ತನ್ನ ಕಿಡ್ನಿಗೂ ಏಟು ಹಾಕುತ್ತದಂತೆ. ಬಹಳ ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದಂತೆ, ಹಣಮಿಯದು ಮಾತ್ರ ದಿನದಿಂದ ದಿನಕ್ಕೆ ಏರಿತು. ಸೂಜಿ ಹಾಕಿ ಕಿಡ್ನಿಯಿಂದ ನೂಲಿನೆಳೆಯಷ್ಟು ಚೂರು ತೆಗೆದು ನೋಡಿ, ಮೂರು ದಿನ ಸಲೈನಿನಲ್ಲಿ ಸ್ಟಿರಾಯ್ಡ್ ಕೊಟ್ಟರು. "ಮೈಯಾಗಿನ ಸಿಟ್ಟು ಇಳಸೋ ಔಷಧ ಇದು. ನೋಡೋಣ್ರೀ" ಎಂದರು.

ಆ "ನೋಡೋಣ" ಕೇಳಿದ ಮೇಲೆ ಮಂಚಕ್ಕೆ ತೂಗುಹಾಕಿದ ಮೂತ್ರದ ಚೀಲವನ್ನೇ ಕಾಯುತ್ತ ಕೂತೆ. ಚೀಲದಲ್ಲಿ ಮೊದಲು ಚಮಚದಷ್ಟು ಮೂತ್ರ, ಕರೀ ಚಹಾದ ಬಣ್ಣ. ನಾಲ್ಕನೇ ದಿನ ಮುಂಜಾನೆ ಅರ್ಧ ಚೀಲ, ತಿಳಿಯಾಗಿ! ಕೃಷ್ಣೆಗೆ ಹೊಸ ನೀರು ಬಂದಾಗಲೂ ನಾನು ಅಷ್ಟು ಬೆರಗಾಗಿರಲಿಲ್ಲ. ಚೀಲಕ್ಕೇ ಕೈಮುಗಿದೆ. "ಯವ್ವಾ, ಉಚ್ಚಿಗಿ ಕೈ ಮುಗಿದಾಕಿನ ಇವತ್ತೇ ನೋಡಿದೆ" ಎಂದು ನರ್ಸ್ ಪಕೀರಮ್ಮ ನಕ್ಕಳು. ಈ ಕಿಡ್ನಿಯೆಂದರೆ ಮುಷ್ಟಿಯಷ್ಟಿರುವ ಎರಡು ಕಾಯಿ, ನಾವು ಉಂಡಾಗ, ಮಲಗಿದಾಗ, ಜಗಳಾಡಿದಾಗಲೂ ರಕ್ತ ಸೋಸುತ್ತಲೇ ಇರುತ್ತವಂತೆ. ಇಷ್ಟು ವರ್ಷ ಅವುಗಳ ನೆನಪೇ ಇರಲಿಲ್ಲ ನನಗೆ.

ಈಗ ಗುಳಿಗೆ ನಡೆದಿವೆ. ಹಸಿವೆಂದರೆ ಹಸಿವು, ಉಪ್ಪಿಲ್ಲದ ಅನ್ನವನ್ನೂ ಬಿಡುವುದಿಲ್ಲ. ಗುಳಿಗೆಗೆ ಮುಖ ಮತ್ತೆ ದುಂಡಗಾಗಿದೆ, ಅತ್ತೆ ಯಾರಿಗೂ ತೋರಿಸುತ್ತಿಲ್ಲ. ತಿಂಗಳುಗಟ್ಟಲೆ ತಪಾಸಣೆಗೆ ಬರಬೇಕು.

ದೇವಸುಗೂರಿನ ಸೂಗೂರೇಶ ನಿಮ್ಮನ್ನೆಲ್ಲ ತಂಪಾಗಿಡಲಿ.

ನಿನ್ನ
ಸವಿತಾ

ತಾ.ಕ.: ಇದನ್ನು ಭಾವನಿಗೆ ಓದಿ ಹೇಳಬೇಡ. ಮೂಲೆಯಲ್ಲಿ ಕೂರಿಸಿದ ಮೊದಲ ದಿನವೇ ಹಣಮಿ ನನ್ನ ಸೆರಗು ಹಿಡಿದು, "ಯವ್ವಾ, ಉಚ್ಚಿ ಹೋದಾಗ ಅಷ್ಟೇ ಕೆಂಪು ಬರ್ತದ, ಬ್ಯಾರೆ ಹೊತ್ತಿಗಿ ಇಲ್ಲ" ಎಂದಿದ್ದಳು. ಅಂಗಳದಲ್ಲಿ ಗಂಡಸರಿದ್ದರು. ನಾನು ಅವಳ ಬಾಯಿ ಮುಚ್ಚಿದೆ. ಈಗ ಡಾಕ್ಟರು "ಎಲ್ಲಿ ನೋವದ, ಹೇಳವ್ವ" ಎಂದರೂ ಅವಳು ಮೊದಲು ನನ್ನ ಮುಖ ನೋಡುತ್ತಾಳೆ.