ಕೊಯಮತ್ತೂರಿನಿಂದ ಮೆಲ್ಬರ್ನ್‌ಗೆ ನಲವತ್ತೊಂದು ಗಂಟೆ

ಗಣಪತಿ, ಕೊಯಮತ್ತೂರು
14 ನವೆಂಬರ್ 2025

ಕೃತ್ತಿಕಾ, ನನ್ನ ಬೆನ್ನಿಗೆ ಹುಟ್ಟಿದವಳೇ,

ನನ್ನ ಜೀವಕೋಶಗಳು ನಿನ್ನ ಮೂಳೆಯೊಳಗೆ ಬೇರು ಹಿಡಿದಿವೆಯಂತೆ. ನಿನ್ನೆ ಫೋನಿನಲ್ಲಿ ಹೇಳುತ್ತಾ ನಿನ್ನ ಗಂಡ ವಿಮಲ್ ಅತ್ತೇಬಿಟ್ಟರು. ನಾನು ಅಳಲಿಲ್ಲ, ಎದ್ದು ಹೋಗಿ ಅಕ್ಕಿ ತೊಳೆದೆ. ಬರೆಯಲು ನನಗೆ ತಮಿಳೇ ಸುಲಭ. ಆದರೆ ಅಮ್ಮ ಮಗ್ಗದ ಪಕ್ಕ ಕೂರಿಸಿ ನಮ್ಮಿಬ್ಬರಿಗೆ ಕಲಿಸಿದ ಈ ಅಕ್ಷರವನ್ನು ಈ ಮನೆಯಲ್ಲಿ ಬೇರೆ ಯಾರೂ ಓದಲಾರರು.

ನನ್ನ ವೀಸಾಕ್ಕೆ ಕಾಯುವಷ್ಟು ಸಮಯ ನಿನಗಿಲ್ಲ ಎಂದರು. ಹಾಗಾಗಿ ಇಲ್ಲಿನ ಆಸ್ಪತ್ರೆಯಲ್ಲೇ ನನ್ನ ರಕ್ತದಿಂದ ಜೀವಕೋಶ ತೆಗೆದು ವಿಮಾನದಲ್ಲಿ ಕಳಿಸುವುದೆಂದಾಯಿತು. ಐದು ದಿನ ಸೂಜಿ, ಸೊಂಟ ಸೀಳುವ ನೋವು. ಕಳೆದ ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಎರಡಕ್ಕೆ ತಣ್ಣನೆಯ ಪೆಟ್ಟಿಗೆ ಮುಚ್ಚಿದರು. ನಲವತ್ತೆಂಟು ಗಂಟೆಯೊಳಗೆ ಸೇರಬೇಕು ಎಂದರು ಡಾಕ್ಟರು. ಅಲ್ಲಿ ನಿನ್ನ ಮಜ್ಜೆಯನ್ನು ಮದ್ದು ಕೊಟ್ಟು ಆಗಲೇ ಸುಟ್ಟಾಗಿತ್ತು. ಪೆಟ್ಟಿಗೆ ತಲುಪದಿದ್ದರೆ ಎಂದು ಕೇಳಿದೆ. ಅವರು ನನ್ನ ಬಿಪಿ ನೋಡಿದರು.

ಆಸ್ಪತ್ರೆಯ ಗುರುಸಾಮಿ ಪೆಟ್ಟಿಗೆ ಹೊತ್ತು ಹೊರಟ. ನನ್ನ ಮಗಳು ನಿತ್ಯಾ ಫೋನಿನಲ್ಲಿ ಲೆಕ್ಕ ತೆಗೆದಳು. ನೇರವಾಗಿ ಎಂಟು ಸಾವಿರದ ಒಂಬೈನೂರು ಕಿಲೋಮೀಟರ್, ಆದರೆ ನೇರ ವಿಮಾನವಿಲ್ಲ. ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿಂದ ಏಳೂವರೆ. “ಕಾಯೋದೂ ಸೇರ್ಸಿ ಒಂದ್ ನಾಳ್, ಒಂದೇ ದಿನ ಆಗತ್ತಮ್ಮಾ, ಭಯಪಡಬೇಡ,” ಎಂದಳು.

ಬುಧವಾರ ಮಧ್ಯಾಹ್ನ ವಿಮಾನದ ಚುಕ್ಕೆ ನಿಮ್ಮೂರಿನ ಮೇಲೆ ಬಂತು. ಸುತ್ತಿತು. ಮತ್ತೆ ಸುತ್ತಿತು.

“ಅಮ್ಮಾ, ತಿರುಗ್ಬಿಡ್ತು! ಬೇರೆ ಎಲ್ಲೋ ಹೋಗ್ತಾ ಇದೆ!”

ಅಲ್ಲಿ ಬಿರುಗಾಳಿ ಎದ್ದಿತ್ತಂತೆ. ಸಿಡ್ನಿಯಲ್ಲಿ ಇಳಿಸಿದರು. ಇಪ್ಪತ್ತಾರು ಗಂಟೆ ಮುಗಿದಿತ್ತು. ಮುಂದಿನ ವಿಮಾನ ಯಾವಾಗ ಎಂದು ಯಾರಿಗೂ ತಿಳಿದಿರಲಿಲ್ಲ. ಗುರುಸಾಮಿ ಫೋನ್ ಮಾಡಿದ: “ಅಕ್ಕಾ, ವಿಮಲ್ ಸಾರ್ ಕಾರ್ ಏರ್ಪಾಡು ಮಾಡವ್ರೆ. ರೋಡ್ನಲ್ಲೇ ಹೋಗ್ತೀನಿ. ಪೆಟ್ಟಿ ನನ್ ತೊಡೆ ಮೇಲೇ ಐತೆ, ಕೀಳೆ ನೆಲದ ಮೇಲೆ ಇಟ್ಟಿಲ್ಲ.” ಇನ್ನೂ ಒಂಬೈನೂರು ಕಿಲೋಮೀಟರ್; ದಾರಿಯುದ್ದಕ್ಕೂ ಬಿದ್ದ ಮರಗಳು. ನಮ್ಮ ಮನೆಯವರು ಚೆನ್ನಿಯಪ್ಪನ್ ತಮ್ಮ ಪಂಪಿನ ವರ್ಕ್‌ಶಾಪ್ ಮುಚ್ಚಿ ಬಂದು ನನ್ನ ಪಕ್ಕ ಕೂತರು. ಇಬ್ಬರೂ ಊಟ ಮಾಡಲಿಲ್ಲ.

ಆಗೆಲ್ಲ ನನಗೆ ಅಮ್ಮ ಹೋದ ದಿನವೇ ನೆನಪು. ಅಂದು ನೀನೂ ಹೀಗೆಯೇ ವಿಮಾನದಲ್ಲಿದ್ದೆ. ನೀನು ಬರುವಷ್ಟರಲ್ಲಿ ಎತ್ತಿಕೊಂಡು ಹೋಗಿಬಿಟ್ಟಿದ್ದರು. ಬಾಗಿಲಲ್ಲಿ ನಿಂತು ನೀನು, “ಅರ್ಧ ಗಂಟೆ ನಿಲ್ಸಕ್ಕೆ ಆಗ್ಲಿಲ್ಲವಾ ಅಕ್ಕಾ?” ಎಂದೆ. ಮಾವಂದಿರು ಅವಸರ ಮಾಡಿದರು, ನೀನು ಎಲ್ಲಿದ್ದೀಯೋ ಗೊತ್ತಾಗಲಿಲ್ಲ ಎಂದೆ ನಾನು. ಆರು ವರ್ಷ ನಾವು ಮತ್ತೆ ಮಾತಾಡಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. “ಕೊಟ್ಬಿಟ್ಟೆ ಅಕ್ಕಾ,” ಅಂದ ಗುರುಸಾಮಿ.

ಹೊಟ್ಟೆ ತುಂಬ ಉಣ್ಣು. ಗಾಳಿಗೆ ಹೊರಗೆ ಹೋಗಬೇಡ.

ನಿನ್ನ ಅಕ್ಕ,
ಕಲಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಅಂದು ನೀನು ಎಲ್ಲಿದ್ದೀಯೆಂದು ನನಗೆ ಗೊತ್ತಿತ್ತು. “ಇಳಿದೆ, ಅರ್ಧ ಗಂಟೆ” ಎಂಬ ನಿನ್ನ ಮೆಸೇಜು ಅಮ್ಮನನ್ನು ಎತ್ತುವ ಮೊದಲೇ ಬಂದಿತ್ತು. ಎಂಟು ತಿಂಗಳು ಅಮ್ಮನನ್ನು ತೊಳೆದು ಬಳಿದವಳು ನಾನು, ಅವಳು ಕೇಳಿದ್ದು ದಿನಾ ನಿನ್ನನ್ನೇ. ಫೋನನ್ನು ಕವುಚಿಟ್ಟು, ಮಾವಂದಿರಿಗೆ “ಎತ್ತಿ” ಎಂದವಳು ನಾನೇ.