ಬೇವಿನ ರುಚಿ

ಗಂಗಕ್ಕಾ,

ನೀನು ತೀರಿಕೊಂಡ ಮೇಲೆ ಇದು ಮೊದಲ ಯುಗಾದಿ. ಅಮ್ಮ ನಿನ್ನ ಮಗಳಿಗೆ ಬೇವುಬೆಲ್ಲ ಕೊಟ್ಟಳು. ಮಗು ಬೆಲ್ಲ ಉಗಿದು, ಬೇವು ಚೀಪುತ್ತ, ನನ್ನ ಎದೆಗೊರಗಿ "ಅಮ್ಮ" ಎಂದಿತು.

"ನೋಡೇ, ಕಹೀನೇ ತಿಂತೈತೆ, ಗಟ್ಟಿಗಿತ್ತಿ" ಎಂದು ಅಮ್ಮ ನಕ್ಕಳು.

ವೇಮಗಲ್‌ನ ಫ್ಯಾಕ್ಟರಿಗೆ ಕೆಲಸಕ್ಕೆ ಸೇರುವಾಗ ಹಾಲು ಬಿಡಿಸಲೆಂದು ನೀನು ಎದೆಗೆ ಬೇವು ಅರೆದು ಹಚ್ಚಿಕೊಂಡಿದ್ದೆ. ಮಗು ಅಳುತ್ತಲೇ ಆ ಕಹಿಯನ್ನೂ ಕುಡಿದಿತ್ತು. ಎರಡು ವರ್ಷ ತುಂಬುವವರೆಗೆ ಹಾಲುಣಿಸಬೇಕೆಂದು ನಾನು ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರಗಳನ್ನು ಹಿಡಿದು ಕೂಗಾಡಿದೆ.

"ಓದ್ದೋಳು ನೀನೇ ಕುಡ್ಸೇ" ಎಂದೆ ನೀನು. ಅಂದಿನಿಂದ ನಮ್ಮಿಬ್ಬರ ಮಾತುಕತೆಯೇ ನಿಂತುಹೋಯಿತು.

ಇಂದು ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಇಷ್ಟು ಚಿಕ್ಕ ಮಗುವಿಗೆ ತಾಯಿ ಎಷ್ಟು ದಿನ ನೆನಪಿರುತ್ತಾಳೆಂದು ಒಂದರಲ್ಲೂ ಇಲ್ಲ. ಬಾಗಿಲ ತೋರಣದ ಬೇವಿನತ್ತ ಕೈಚಾಚಿ ಮಗು ಇನ್ನೂ "ಅಮ್ಮ" ಎಂದು ನಿನ್ನನ್ನೇ ಕರೆಯುತ್ತಿದೆ.